ಬಿಗಿ ತಂತಿ

ನಮ್ಮ ಯಜಮಾನರಿಗೆ ಅವರು ಕೆಲಸ ಮಾಡೋ ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ‘ಗೆರೆ ಮೇಸ್ತ್ರಿ’ ಅಂತ ಅಡ್ಡಹೆಸರು. ಒಂದು ಪಿಂಗಾಣಿ ಕಂಬದಿಂದ ಇನ್ನೊಂದಕ್ಕೆ ಅವರು ಕಟ್ಟಿದ ತಂತಿ ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗಿರ್ತಿತ್ತು. ಮನೇಲಿ ಬಟ್ಟೆ ಹಗ್ಗ ಚೂರು ಜೋತರೂ ಮೂಗು ಮುರಿಯೋ ಮನುಷ್ಯ! “ಬಟ್ಟೆ ಒಣಗಿದ್ರೆ ಸಾಲ್ದೇನ್ರೀ, ಹಗ್ಗ ಏನು ಸೈನ್ಯಕ್ಕೆ ಸೇರ್ಬೇಕಾ?” ಅಂತ ನಾನು ರೇಗ್ತಿದ್ದೆ.

ನಕ್ಷೆಯಲ್ಲಿ ತಂತೀನ ಒಂದು ಗೇಣು ಜೋಲು ಬಿಡಿ ಅಂತ ಬರೆದಿತ್ತಂತೆ. ಭೂಮಿ ಅಲ್ಲಾಡಿದಾಗ ಒಂದೊಂದು ಕಂಬ ಒಂದೊಂದು ಥರ ತೂಗಾಡುತ್ತೆ, ತಂತಿ ಬಿಗಿಯಾಗಿದ್ರೆ ಒಂದನ್ನೊಂದು ಜಗ್ಗಿ ಮುರಿಯುತ್ತೆ. ಇವರು ಮಾತ್ರ ಜೋಲು ಬಿಟ್ರೆ ನೋಡೋಕೆ ಅಸಹ್ಯ ಅಂತ ಕತ್ತರಿಸಿ ಬಿಗಿದ್ರು. ತಪಾಸಣೆಗೆ ಬಂದ ಸಾಹೇಬ್ರು, “ಭೇಷ್!” ಅಂತ ಬೆನ್ನು ತಟ್ಟಿ ಹೋದ್ರು, ಮಹಾಶಯರು. ಹನ್ನೆರಡು ವರ್ಷ ಹಾಗೇ ಇತ್ತು.

ಆ ಬೆಳಿಗ್ಗೆ ಭೂಮಿ ನಡುಗಿದ್ದು ಅರ್ಧ ನಿಮಿಷ. ನಮ್ಮನೆ ಗೋಡೆ ಒಂದು ಬಿರುಕೂ ಬಿಡಲಿಲ್ಲ. ಸಬ್‌ಸ್ಟೇಷನ್ನಿನಲ್ಲಿ ಸಾಲಿಗೆ ಸಾಲೇ ಪಿಂಗಾಣಿ ಕಂಬ ಮುರಿದು ಬಿದ್ದು, ಊರಿಗೆಲ್ಲ ಕರೆಂಟು ಹೋಯ್ತು. ಒಳಕೋಣೇಲಿ ನಮ್ಮಮ್ಮ ಉಸಿರಾಡ್ತಿದ್ದಿದ್ದೇ ಕರೆಂಟಿನ ಮೆಷಿನ್ನಿಂದ. ಮನೇಲಿದ್ದ ಒಂದೇ ಒಂದು ಆಕ್ಸಿಜನ್ ಸಿಲಿಂಡರು ಮಾರನೇ ದಿನ ಮಧ್ಯಾಹ್ನಕ್ಕೆ ಮುಗೀತು. ಆಸ್ಪತ್ರೇಲೇ ಸಿಲಿಂಡರಿಗೆ ಹಾಹಾಕಾರ, ನಮ್ಮನ್ಯಾರು ಕೇಳ್ತಾರೆ? “ಅಳಿಯಂದಿರು ಏನಂದ್ರು? ಕರೆಂಟು ಯಾವಾಗ ಬರತ್ತಂತೆ?” ಅಂತ ಕೇಳ್ತಾ ಕೇಳ್ತಾನೇ ಅಮ್ಮ ಹೋಗ್ಬಿಟ್ಲು. ಅಳಿಯಂದಿರು ಅಲ್ಲಿ ಪಿಂಗಾಣಿ ಚೂರು ಬಾಚ್ತಿದ್ರು.

ವರದಿ ಬಂತು. ಕಾರಣ ಭೂಕಂಪ, ಯಾರ ತಪ್ಪೂ ಇಲ್ಲ. ಇವರು ಕಚೇರಿಗೆ ಹೋಗಿ, “ತಪ್ಪು ನಂದು ಸಾರ್, ಬರ್ಕೊಳ್ಳಿ” ಅಂತ ಗೋಗರೆದ್ರಂತೆ. “ಇಲ್ಲದ್ದನ್ನ ಯಾಕ್ರೀ ಮೈಮೇಲೆ ಎಳ್ಕೋತೀರಾ? ಹೋಗಿ ರೆಸ್ಟ್ ತಗೊಳ್ಳಿ” ಅಂತ ಟೀ ಕುಡಿಸಿ ಕಳಿಸಿದ್ರು.

ಬಂದವರು ಚಪ್ಪಲಿನೂ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತ್ರು.

“ಅತ್ತೇನ ನಾನೇ ಕೊಂದೆ, ಅಲ್ವೇನೇ?”

ಬೇಕಂತ ಮಾಡಿದ್ದಲ್ಲ, ಗೊತ್ತು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಗಂಡ, ಅಮ್ಮನ್ನ ಹೆತ್ತ ತಾಯಿ ಥರ ನೋಡ್ಕೊಂಡವರು. ‘ಇಲ್ಲ’ ಅನ್ನೋ ಒಂದು ಮಾತಿಗೆ ಕಾಯ್ತಾ ನಿಂತಿದಾರೆ ಅಂತಲೂ ಗೊತ್ತಿತ್ತು.

ಈರುಳ್ಳಿ ಹೆಚ್ತಿದ್ದವಳು ತಲೆ ಎತ್ತಲಿಲ್ಲ.

“ಹೌದು ರೀ, ನೀವೇ” ಅಂದೆ.