ಹಸಿಸುಣ್ಣದ ಮಲ್ಲಪ್ಪ

ಮಲ್ಲಪ್ಪ, ಕಾಲೇಜಿನ ಆ ಛತ್ತಿಗೆ ಮೆತ್ತಿದ ಸುಣ್ಣದ ಗಿಲಾವು ಬಿದ್ದದ್ದು ನನ್ನಿಂದ. ನಿನ್ನಿಂದಲ್ಲ. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ನಾಚಿಕೆಯಾಗುತ್ತದೆ.

ಮಹಾಯುದ್ಧದ ಕಾಲ. ವಿಜಾಪುರದ ಕಾಲೇಜಿನ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ರಸಾಯನಶಾಸ್ತ್ರದ ಪ್ರಯೋಗಶಾಲೆ ಮಾಡುವುದಿತ್ತು. ಸಿಮೆಂಟು ಕಣ್ಣಿಗೆ ಬೀಳುತ್ತಿರಲಿಲ್ಲ, ಎಲ್ಲ ಸುಣ್ಣದ ಮೇಲೆಯೇ. ನೀನು ಬಿಜ್ಜರಗಿ ಹಳ್ಳಿಯಿಂದ ಬಂದ, ಗಾರೆ ಕೆಲಸದ ಗೌಂಡಿ, ನಾನು ಓವರಸಿಯರ್. ಹೊಂಡದಲ್ಲಿ ನೆನೆಹಾಕಿದ ಸುಣ್ಣವನ್ನು ನೀನು ದಿನಾ ಮುಂಜಾನೆ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡುವವನು. ನೀರಲ್ಲಿ ಅರಳದ ಒಂದು ಹರಳು ಸಿಕ್ಕರೂ ಸಾಕು, ಮತ್ತೆ ಗೋಣಿತಟ್ಟು ಮುಚ್ಚಿಬಿಡುವವನು. ನನಗೆ ಮೈಯೆಲ್ಲ ಉರಿಯುತ್ತಿತ್ತು. ವಿಜ್ಞಾನದ ತರಗತಿಗೆ ಒಪ್ಪಿಗೆ ಕೊಡಲು ವಿಶ್ವವಿದ್ಯಾಲಯದವರು ಬರುವ ದಿನ ಹತ್ತಿರವಾಗಿತ್ತು.

ಅಷ್ಟರಲ್ಲಿ ನಿನ್ನ ಅಕ್ಕ ತೀರಿಕೊಂಡಳು. ಊರಿಗೆ ಹೊರಟ ನೀನು ಹೊಂಡ ತೋರಿಸಿ ಹೇಳಿದ್ದೆ:

“ಸಾಹೇಬ್ರ, ನಾ ಬರೂತನಕಾ ಇದನ್ನ ಮುಟ್ಟಬ್ಯಾಡ್ರಿ. ಸುಣ್ಣ ಇನ್ನೂ ಪೂರ್ತಿ ಅರಳಿಲ್ರಿ.”

ನೀನು ಅಕ್ಕನ ಮಣ್ಣಿಗೆ ಹೋದ ದಿನವೇ ನಾನು ಹೊಂಡದ ಸುಣ್ಣ ತೆಗೆಸಿದೆ. ಆಳುಗಳನ್ನು ಗದರಿಸಿ ಛತ್ತಿಗೆಲ್ಲ ಗಿಲಾವು ಮಾಡಿಸಿದೆ. ಬೆಳ್ಳಗೆ, ಚೆಂದ ಕಂಡಿತು. ನೀನು ಬಂದು ನೋಡಿ, “ಇದು ನಿಲ್ಲೂದಿಲ್ರಿ, ಕಿತ್ತು ಹಾಕೂಣು” ಎಂದೆ. ನಾನು ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಅರಳದ ಹರಳುಗಳು ಒಳಗೇ ಉಬ್ಬಿ ಗುಳ್ಳೆ ಎದ್ದವು. ವಿಶ್ವವಿದ್ಯಾಲಯದವರು ಬಂದ ದಿನವೇ ದೊಡ್ಡದೊಂದು ಚಕ್ಕೆ ಹೊಸ ಮೇಜಿನ ಮೇಲೆ ಬಿದ್ದು ಗಾಜಿನ ಸಾಮಾನೆಲ್ಲ ಚೂರಾಯಿತು.

“ಯಾರ ಕೆಲಸ ಇದು?” ಪ್ರಿನ್ಸಿಪಾಲರು ಕೇಳಿದರು.

“ಗೌಂಡಿ ಮಲ್ಲಪ್ಪಂದ್ರಿ” ಎಂದೆ.

ನೀನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಆಡಿದ್ದರೆ — ಆಳುಗಳೆಲ್ಲ ಸಾಕ್ಷಿ ಇದ್ದರು. ಕೆಲಸದಿಂದ ತೆಗೆದ ಮೇಲೂ ನೀನು ಮರುದಿನ ಬಂದು, ಎಲ್ಲ ಕೆರೆದು, ಹದವಾಗಿ ಅರಳಿದ ಸುಣ್ಣದಿಂದ ಮತ್ತೆ ಗಿಲಾವು ಮಾಡಿದೆ. ಕರಣಿ ತೊಳೆದುಕೊಳ್ಳುತ್ತ ನೀನು ಅಂದದ್ದು ಇಷ್ಟೇ: “ಇದು ನಿಲ್ತದ್ರಿ, ಸಾಹೇಬ್ರ.”

ವಿಜಾಪುರದ ಸಿದ್ಧೇಶ್ವರ ಗುಡಿಯ ಸುತ್ತ ಮನೆ ಕಟ್ಟಿಸುವವರು ನಿನ್ನನ್ನು ಕರೆಯುವುದು ಬಿಟ್ಟರು. ನಿನ್ನ ಊರು ಬಿಜ್ಜರಗಿಯಲ್ಲೂ, ಅರಳದ ಸುಣ್ಣ ಬಳಿದವನೆಂದು, ನಿನಗೆ ಹಸಿಸುಣ್ಣದ ಮಲ್ಲಪ್ಪ ಎಂಬ ಹೆಸರು ಬಿತ್ತು. ಅದನ್ನು ಕೇಳಿ ನಾನೂ ನಕ್ಕಿದ್ದೇನೆ. ಹೌದು, ಎಲ್ಲರ ಜೊತೆ ಕೂತು ನಕ್ಕಿದ್ದೇನೆ. ಆಗ ನನಗೇನೆನಿಸಿತೆಂದರೆ — ಬೇಡ, ಅದನ್ನು ಹೇಳಿ ಹಗುರಾಗುವ ಹಕ್ಕು ನನಗಿಲ್ಲ.

ನೀನೀಗ ಇಲ್ಲ. ನಿನ್ನ ಮಕ್ಕಳನ್ನು ಇಂದಿಗೂ ಅದೇ ಹೆಸರಿನಿಂದ ಗುರುತಿಸುತ್ತಾರಂತೆ. ನಿನ್ನ ಗಿಲಾವಿನಲ್ಲಿ ಮಾತ್ರ ಒಂದು ಚಕ್ಕೆಯೂ ಎದ್ದಿಲ್ಲ.

ನಾಳೆ ಬಿಜ್ಜರಗಿಗೆ ಹೋಗುತ್ತೇನೆ. ಕಟ್ಟೆಯ ಮೇಲೆ ಕೂತವರ ಮುಂದೆ, ನಿನ್ನ ಮಕ್ಕಳನ್ನೂ ಕರೆಸಿ, ಹಸಿಸುಣ್ಣ ಬಳಿಸಿದವನು ನಾನು, ಆ ಹೆಸರು ನನ್ನದೆಂದು ಹೇಳಿ ತೆಗೆದುಕೊಂಡು ಬರುತ್ತೇನೆ.