ಎರಡು ಬೆರಳು ಜಾರಿದ ನಳಿಕೆ

ಶೌಕ್ಯೆ ಫ್ರೀಸ್‌ಲ್ಯಾಂಡಿನ ಹೈನುಗಾರನ ಮಗಳು. ಕೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲಿ ಮುಲಾಜಿಲ್ಲ. ಆಪರೇಷನ್ ಆದ ಹಸುಗೂಸುಗಳ ವಾರ್ಡಿನಲ್ಲಿ ನರ್ಸಾಗಿ ಮೂವತ್ತೊಂದು ವರ್ಷ ಸವೆಸಿದವಳು. ಎದುರುಗಾಳಿ ಎಷ್ಟೇ ಇರಲಿ, ಸೈಕಲ್ ತುಳಿದು ಏಳಕ್ಕೆ ಮುಂಚೆ ಹಾಜರು. ಕಾಫಿ ಜೊತೆ ಎರಡನೇ ಬಿಸ್ಕತ್ತಿಗೆ ಕೈ ಹಾಕಿದವರನ್ನು "ಏನಮ್ಮಾ, ಇವತ್ತು ಮದ್ವೆ ಊಟವಾ?" ಎಂದು ಛೇಡಿಸುವಳು.

ಆ ವಾರ್ಡಿಗೆ ಬಂದ ಗಂಡುಕೂಸು ಯೆಲ್ಮರ್. ಹುಟ್ಟುವಾಗಲೇ ಅವನ ಅನ್ನನಾಳ ನಡುವೆ ತುಂಡಾಗಿತ್ತು; ಜೊಲ್ಲು ಹೀರಲು ಆಗಲೇ ಮುಖಕ್ಕೆ ನಳಿಕೆ, ಪಟ್ಟಿ. ಮರುದಿನವೇ ಡಾಕ್ಟರ್ ಪೋಸ್ತ್ಮಾ ಎರಡು ತುದಿ ಸೇರಿಸಿ ಹೊಲಿದರು. ಮೂಗಿನಿಂದ ಹೊಲಿಗೆಯನ್ನು ಹಾದು ಹೊಟ್ಟೆಯವರೆಗೆ ಒಂದು ಸಣ್ಣ ನಳಿಕೆ, ಹಾಲು ಅದರಲ್ಲೇ. ಉಳಿದ ಕೂಸುಗಳ ನಳಿಕೆ ಜಾರಿದರೆ ನರ್ಸುಗಳೇ ಒಳಕ್ಕೆ ಸರಿಸುತ್ತಾರೆ, ಅದು ದಿನಾ ಇದ್ದದ್ದೇ. ಇಂಥ ಕೂಸಿನದು ಜಾರಿದರೆ ಮಾತ್ರ ಮುಟ್ಟಕೂಡದು, ಹಸಿ ಹೊಲಿಗೆ ಹರಿದೀತು. ಹೊಸಬರಿಗೆ ಇದನ್ನು ಗದರಿಸಿ ಕಲಿಸುತ್ತಿದ್ದವಳು ಶೌಕ್ಯೆಯೇ.

ಐದನೆಯ ದಿನ ಮಧ್ಯಾಹ್ನ ತಾಯಿ ಯಾನ್ನೆಕೆ ಕೂಸನ್ನು ಬರಿ ಎದೆಗೆ ಒರಗಿಸಿಕೊಂಡು ಕೂತಿದ್ದಳು. ನಳಿಕೆಯನ್ನು ಕೆನ್ನೆಗೆ ಅಂಟಿಸಿದ್ದ ಪಟ್ಟಿ ಜೊಲ್ಲಿಗೆ ನೆನೆದು, ನಳಿಕೆ ಎರಡು ಬೆರಳಷ್ಟು ಹೊರಬಂತು. ಶೌಕ್ಯೆ ಬಗ್ಗಿ ಒಳಕ್ಕೆ ತಳ್ಳಿ ಹೊಸ ಪಟ್ಟಿ ಅಂಟಿಸಿದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು.

"ನಿಮ್ ಕೈ ಎಷ್ಟು ಚುರುಕು ಸಿಸ್ಟರ್!" ಎಂದಳು ಯಾನ್ನೆಕೆ.

ಆಗಲೇ ಶೌಕ್ಯೆಗೆ ಅದು ಯಾವ ಕೂಸಿನ ನಳಿಕೆಯೆಂದು ಹೊಳೆದದ್ದು. ಬೇರೆ ಯಾರೂ ನೋಡಿರಲಿಲ್ಲ, ಮುಚ್ಚಿಡಬಹುದಿತ್ತು. ಅವಳು ನೆಟ್ಟಗೆ ಡಾಕ್ಟರ ಬಳಿ ಹೋದಳು.

"ಡಾಕ್ಟ್ರೇ, ಯೆಲ್ಮರ್ ನಳಿಕೆ ಜಾರಿತ್ತು. ನಾನು ಒಳಕ್ಕೆ ತಳ್ಳಿಬಿಟ್ಟೆ."

"ನೀವಾ?"

"ನಾನೇ."

ತಂದೆ ವೀಬ್ರೆನ್‌ಗೂ ಅದನ್ನೇ ಹೇಳಿದಳು. "ಮೂವತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀರಲ್ರೀ!" ಎಂದು ಅವನು ಕೂಗಿದ.

"ಅದಕ್ಕೇ ಆಗಿದ್ದು, ಕೈ ತಾನಾಗೇ ಹೋಯ್ತು," ಎಂದಳು.

ಸಂಜೆಗೆ, ಆಪರೇಷನ್ನಿನಲ್ಲಿ ಎದೆಯೊಳಗಿನ ನೀರು ಬಸಿಯಲು ಇಟ್ಟಿದ್ದ ಕೊಳವೆಯಲ್ಲಿ ನೊರೆ ಜೊಲ್ಲು ಕಾಣಿಸಿತು; ಹೊಲಿಗೆ ಹರಿದಿತ್ತು. ಮತ್ತೆ ತೆರೆದು ಹೊಲಿದರು, ಆದರೆ ನಂಜು ರಕ್ತಕ್ಕೆ ಇಳಿದಿತ್ತು. "ಆ ಸಿಸ್ಟರ್ ನಮ್ ಮಗೂನ ಮುಟ್ಟೋದು ಬೇಡ," ಎಂದ ವೀಬ್ರೆನ್. ಅದು ನ್ಯಾಯವೇ. ಶೌಕ್ಯೆ ಪಕ್ಕದ ಕೋಣೆಯ ಕೂಸುಗಳನ್ನು ನೋಡಿಕೊಂಡಳು. ಪ್ರತಿ ನಳಿಕೆ ಮುಟ್ಟುವ ಮುನ್ನ ಕೂಸಿನ ಹೆಸರನ್ನು ಎರಡು ಸಲ ಓದುತ್ತಿದ್ದಳು. ಡಾಕ್ಟರು ದಿನಕ್ಕೊಂದು ಔಷಧಿ ಬದಲಿಸಿದರು, ಯಾವುದೂ ನಾಟಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಯೆಲ್ಮರ್ ಹೋದ.

ಸ್ವಲ್ಪ ಹೊತ್ತಿಗೆ ಯಾನ್ನೆಕೆ ಬಾಗಿಲಿಗೆ ಬಂದಳು. "ಬನ್ನಿ. ಅವನ ಮುಖದ ಪಟ್ಟಿ ಬಿಚ್ಚಬೇಕು. ಬೇರೆಯವ್ರು ಎಳೆದ್ರೆ ಚರ್ಮ ಸುಲಿಯುತ್ತೆ."

"ನಾನು ಬರ್ಲಾ?"

"ನಿಮ್ಮನ್ನ ಕ್ಷಮಿಸಿಲ್ಲ. ನನ್ ಕೈಲಿ ಆಗ್ತಿಲ್ಲ, ಅಷ್ಟೇ."

ಶೌಕ್ಯೆ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಸವರಿ, ಪಟ್ಟಿಯನ್ನು ಎಳೆಎಳೆಯಾಗಿ ಬಿಡಿಸಿದಳು. ಬದುಕಿರುವ ಕೂಸಾಗಿದ್ದರೆ ಕೆನ್ನೆ ಕೆಂಪು ಮಾಡಿಕೊಂಡು ಚೀರುತ್ತಿತ್ತು. ಕೊನೆಗೆ ನಳಿಕೆ ತೆಗೆದು ಪಕ್ಕಕ್ಕೆ ಸರಿದಳು.

ಯಾನ್ನೆಕೆ ಬಗ್ಗಿ ನೋಡಿದಳು. ಹುಟ್ಟಿದ ಗಳಿಗೆಯಿಂದ ಮಗನ ಇಡೀ ಮುಖವನ್ನು ಅವಳು ನೋಡಿಯೇ ಇರಲಿಲ್ಲ.