ಅರವತ್ತು ಪಟ್ಟು ಜೂಮ್, ಎರಡು ಜೊತೆ ಕಣ್ಣು

ನಾನು ಕೊಂಡ ಕ್ಯಾಮೆರಾದ ಡಬ್ಬದ ಮೇಲೆ ಚಂದ್ರನ ಚಿತ್ರವಿತ್ತು, ಕುಳಿಗಳೆಲ್ಲ ಕಾಣುವಷ್ಟು ಸ್ಪಷ್ಟವಾಗಿ. ಚಂದ್ರನಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೂ ತುಮಕೂರಿನ ಅಂಗಡಿಯವನು "ಅರವತ್ತು ಪಟ್ಟು ಜೂಮ್ ಸಾರ್" ಎಂದಾಗ, ಈವರೆಗೆ ಚಂದ್ರನನ್ನು ಅಷ್ಟು ದೂರದಲ್ಲಿಟ್ಟು ಬದುಕಿದ್ದೇ ನನ್ನ ದೊಡ್ಡ ಕೊರತೆ ಎನಿಸಿಬಿಟ್ಟಿತು.

ಮನೆಗೆ ತಂದ ಮೇಲೆ ಅದರ ಗುಣಾವಗುಣಗಳು ಒಂದೊಂದಾಗಿ ತಿಳಿದವು. ಬಯಲಲ್ಲಿ, ಒಳ್ಳೆಯ ಬಿಸಿಲಲ್ಲಿ, ಅಲುಗಾಡದ ವಸ್ತುವನ್ನು ಅದು ಬಲು ಚೆನ್ನಾಗಿ ಹಿಡಿಯುತ್ತದೆ. ದೂರದ ನೀರಿನ ಟ್ಯಾಂಕಿನ ಮೇಲಿರುವ ಪೇಂಟರನ ಹೆಸರನ್ನು ನಮ್ಮ ತಾರಸಿಯಿಂದಲೇ ಪತ್ತೆ ಮಾಡಬಹುದು. ಪೇಂಟರನ ಹೆಸರು ತಿಳಿದು ಏನಾಗಬೇಕು ಎಂದು ನನ್ನ ಹೆಂಡತಿ ಶಶಿಕಲಾ ಕೇಳಿದಳು. ಇಂಥ ಪ್ರಶ್ನೆಗಳಿಂದಲೇ ನಮ್ಮಲ್ಲಿ ವಿಜ್ಞಾನ ಬೆಳೆಯದಿರುವುದು. ಬೆಳಕು ಕಡಿಮೆಯಾದರೆ ಮಾತ್ರ ಎಲ್ಲರ ಮುಖದ ಮೇಲೂ ರವೆ ಚೆಲ್ಲಿದಂತೆ ಚುಕ್ಕೆ. ಹಕ್ಕಿ ಕಂಡು ಗುಂಡಿ ಒತ್ತಿದರೆ ಅದು ಗುರ್ ಎಂದು ಮೂತಿ ಚಾಚಿ, ಹಿಂದಕ್ಕೆಳೆದು, ಯೋಚನೆ ಮಾಡಿ, ಕೊನೆಗೆ ಹಕ್ಕಿ ಕೂತಿದ್ದ ಕೊಂಬೆಯ ಚಿತ್ರ ಕೊಡುತ್ತದೆ. ತುಮಕೂರು ಜಿಲ್ಲೆಯ ಖಾಲಿ ಕೊಂಬೆಗಳ ಇಷ್ಟು ದೊಡ್ಡ ಸಂಗ್ರಹ ಬೇರೆ ಯಾರ ಬಳಿಯೂ ಇರಲಾರದು. ಅಪ್ಪಿತಪ್ಪಿ ಹಕ್ಕಿ ಸಿಕ್ಕರೆ ಅದೂ ಮಸುಕು. ಸಿಟ್ಟು ಬಂದು ನಿಂತಲ್ಲೇ ಅಳಿಸಿಬಿಡುತ್ತಿದ್ದೆ.

ಇದೇ ಹೊತ್ತಿಗೆ ಗುಬ್ಬಿಯಲ್ಲಿ ನನ್ನ ಮಾವ, ರಸ್ತೆ ಬದಿ ನಿಂತಿದ್ದ ಟ್ರಾಕ್ಟರ್‌ಗೆ ಮೊಪೆಡ್ ಗುದ್ದಿ ಮೊಣಕಾಲು ತರಚಿಕೊಂಡರು. ಕೊಬ್ಬರಿ ವ್ಯಾಪಾರದಲ್ಲಿ ಬದುಕು ಕಳೆದವರು. ತಮ್ಮ ಮಾಲಿನಲ್ಲಿ ಬೇರೆಯವರು ಹೇಳುವ ದೋಷ ಒಪ್ಪಿ ಅಭ್ಯಾಸವಿಲ್ಲ. ಕಣ್ಣಿನ ಮಾತೆತ್ತಿದರೆ ಪತ್ರಿಕೆ ತೆಗೆದು, ಕನ್ನಡಕವಿಲ್ಲದೆ, ಅತಿ ಸಣ್ಣ ಅಕ್ಷರದ ಶ್ರದ್ಧಾಂಜಲಿಗಳನ್ನೆಲ್ಲ ಗಟ್ಟಿಯಾಗಿ ಓದಿ ನಮ್ಮ ಬಾಯಿ ಮುಚ್ಚಿಸುತ್ತಿದ್ದರು. "ಟ್ರಾಕ್ಟರ್ ಅಲ್ಲಿ ನಿಲ್ಸಿದ್ದೇ ತಪ್ಪು" ಎಂಬುದು ಅವರ ತೀರ್ಪು.

"ಮುಂದಿನ್ ಸಲ ಲಾರಿ ಬಂದ್ರೇನ್ರೀ ಗತಿ? ಹೆಂಗಾದ್ರೂ ಮಾಡಿ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ" ಎಂದಳು ಶಶಿಕಲಾ. ಮಗಳ ಮಾತು ಕೇಳದವರು ಅಳಿಯನ ಮಾತು ಕೇಳುತ್ತಾರೆಂಬ ಅವಳ ನಂಬಿಕೆಯಿಂದ ನನಗೆ ಹೆಮ್ಮೆಯಾಯಿತು, ಧೈರ್ಯವೇನೂ ಬರಲಿಲ್ಲ.

ಅಷ್ಟರಲ್ಲಿ ಕುಣಿಗಲ್‌ನಲ್ಲಿ ನೆಂಟರ ಗೃಹಪ್ರವೇಶ ಬಂತು. ಊಟ ಮುಗಿಸಿ, ಹೆಂಗಸರ ಮಾತು ಮುಗಿಯುವವರೆಗೆ ಎಂದು ನಾನೂ ಮಾವನೂ ಕೆರೆ ಏರಿಯ ಮೇಲೆ ಹೋಗಿ ನಿಂತೆವು. ಆಚೆ ದಡದಲ್ಲಿ ಬೆಳ್ಳಕ್ಕಿಗಳ ಒಂದು ಸಾಲು.

"ಬೆಳ್ಳಕ್ಕಿ ನೋಡಿ ಮಾವ."

"ಎಲ್ರೀ? ಬರೀ ನೀರೈತೆ."

ನಾನು ಕೊರಳಲ್ಲಿದ್ದ ಕ್ಯಾಮೆರಾದ ಜೂಮ್ ಪೂರ್ತಿ ಚಾಚಿ, ಉಸಿರು ಬಿಗಿಹಿಡಿದು ಒತ್ತಿದೆ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆ ನೋಡಿದರೆ ಎಂದಿನಂತೆ ಮಸುಕು. "ಥೂ, ದರಿದ್ರದ್ದು!" ಎಂದು ಅಳಿಸಲು ಹೊರಟೆ. ಮಾವ ಅದನ್ನು ಕಸಿದುಕೊಂಡು ಮೂಗಿನ ಹತ್ತಿರ ಹಿಡಿದರು.

"ಯಾಕ್ರೀ ಅಳಿಸ್ತೀರಾ? ಕೊಕ್ಕಲ್ಲಿ ಮೀನ್ ಹಿಡ್ಕಂಡೈತೆ. ಬಾಲ ಸಮೇತ ಕಾಣ್ತೈತಲ್ರೀ!"

ಮೀನೆಲ್ಲಿ? ಕ್ಯಾಮೆರಾ ಇಸಿದುಕೊಂಡು ತೋಳು ಚಾಚಿ ದೂರ ಹಿಡಿದೆ. ಮೀನು ಬಂತು. ಹತ್ತಿರ ತಂದೆ. ಮೀನು ಹೋಯಿತು.

ಮಾವ ನಗಲಿಲ್ಲ. ಮತ್ತೆ ಪರದೆ ನೋಡಿದರು, ತಲೆಯೆತ್ತಿ ಕೆರೆ ನೋಡಿದರು.

"ಇದು ಅಲ್ಲೈತಾ? ಈಗ್ಲೂ?"

"ಇದೆ ಮಾವ. ಇಡೀ ಸಾಲೇ ಇದೆ."

ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನಿಂತರು. ವ್ಯಾಪಾರಿಯ ಗತ್ತೆಲ್ಲ ಇಳಿದುಹೋಗಿತ್ತು. "ಆ ಟ್ರಾಕ್ಟರ್ ನಂಗೆ ಕಾಣ್ಲೇ ಇಲ್ಲ ಕಣ್ರೀ," ಎಂದರು ಮೆಲ್ಲಗೆ. "ನಿಮ್ಮತ್ತೆಗೆ ಹೇಳ್ಬೇಡಿ."

"ನಂಗೂ ಮೀನು ಕಾಣ್ಲಿಲ್ಲ ಮಾವ. ನಿಮ್ಮ ಮಗಳಿಗೆ ಹೇಳ್ಬೇಡಿ."

ಮುಂದಿನ ವಾರ ತುಮಕೂರಿನಲ್ಲಿ ಕಣ್ಣಿನ ಡಾಕ್ಟರ ಮುಂದೆ ಇಬ್ಬರೂ ಕೂತೆವು. ಮಾವನ ಎರಡೂ ಕಣ್ಣಿಗೆ ಪೊರೆ. ಪೊರೆ ಬೆಳೆಯುವಾಗ ಕೆಲವರಿಗೆ ಹತ್ತಿರದ ಅಕ್ಷರ ಕನ್ನಡಕವಿಲ್ಲದೆಯೇ ಕಾಣುವುದುಂಟು, ಅದು ಜಂಬಪಡುವ ವಿಷಯವಲ್ಲ ಎಂದರು ಡಾಕ್ಟರು. ನನಗೆ ಚಾಳೀಸು. ಚಂದ್ರನ ಕುಳಿ ನೋಡಲು ಹೊರಟವನಿಗೆ ಅಂಗೈಯಲ್ಲಿದ್ದದ್ದು ಕಾಣುತ್ತಿರಲಿಲ್ಲ. ಹೊಸ ಕನ್ನಡಕ ಹಾಕಿಕೊಂಡು ನೋಡಿದ ಮೇಲೆ, ಕ್ಯಾಮೆರಾದ ದೋಷಗಳಲ್ಲಿ ಅರ್ಧ ನನ್ನವೇ ಎಂದು ತಿಳಿಯಿತು. ಉಳಿದರ್ಧ ಅದರದ್ದೇ ಎಂಬುದು ಎಷ್ಟೋ ಸಮಾಧಾನ.

ಮಾವನ ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಕೆಲವು ದಿನಗಳಲ್ಲೇ ಗುಬ್ಬಿಯಿಂದ ಅತ್ತೆಯ ಫೋನು.

"ಅಳಿಯಂದ್ರೇ, ಬೆಳಗಿಂದ ಜೇಡರ ಬಲೆ ತೋರಿಸ್ತಾ ಕೂತವ್ರೆ. ಪಾತ್ರೆ ತಳದಲ್ಲಿ ಮಸಿ ಅಂತೆ, ಅಟ್ಟದ್ ಮೇಲೆ ಧೂಳಂತೆ. ಆ ಪೊರೆನ ವಾಪಸ್ ಹಾಕ್ಸಿಬುಡಿ, ಪುಣ್ಯ ಬರ್ತದೆ!"

ಹಿಂದಿನಿಂದ ಮಾವನ ದನಿ ಕೇಳಿಸಿತು. "ಲೇ, ಈ ಸೀರೆ ನೀಲಿ ಏನೇ? ಹಸಿರು ಅಂದ್ಕಂಡಿದ್ನಲ್ಲೇ ಇಷ್ಟ್ ದಿನ. ಚೆನ್ನಾಗ್ ಕಾಣ್ತದೆ ಕಣೇ ನಿಂಗೆ."

ಲೈನು ಕಡಿಯಿತೇನೋ ಎಂದು ನಾನು ಹಲೋ ಹಲೋ ಎಂದೆ.

"ಇವ್ನಿ, ಲೈನಲ್ಲೇ ಇವ್ನಿ," ಎಂದರು ಅತ್ತೆ. "ಹೋಗ್ಲಿ ಬುಡಿ. ಈಗ್ಲೇ ಏನೂ ವಾಪಸ್ ಹಾಕ್ಸದ್ ಬ್ಯಾಡ."